ಕೋಡಿ ಕಾದ ದೊಡ್ಡವ್ವ

ದೊಡ್ಡವ್ವ ಯಾರನ್ನೇ ಮಾತಾಡಿಸಲಿ, ಮೊದಲು ಎಡಗಣ್ಣನ್ನು ಅರ್ಧ ಮುಚ್ಚುತ್ತಿದ್ದಳು. ಬಲಗಣ್ಣು ಮಾತ್ರ ಪೂರ್ತಿ ತೆರೆದು ಎದುರಿಗಿದ್ದವರ ಮೇಲೆ ನೆಟ್ಟಿರುತ್ತಿತ್ತು. ಹೊಸಬರು ಪಾಪ, ಈ ಹೆಂಗಸಿಗೆ ಕಣ್ಣಿನ ತೊಂದರೆ ಇದೆ ಎಂದುಕೊಳ್ಳುತ್ತಿದ್ದರು. ಹೊನವಾಡದಲ್ಲಿ ಒಮ್ಮೆ ಕಣ್ಣಿನ ತಪಾಸಣೆ ಶಿಬಿರ ನಡೆದಾಗ ಅವಳ ಮಗ ಬಲವಂತದಿಂದ ಕರೆದುಕೊಂಡು ಹೋಗಿದ್ದ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಏನೂ ಆಗಿಲ್ರಿ ಅಜ್ಜಿ, ಕಣ್ಣು ಚಲೋ ಅದಾವ" ಎಂದರೆ, ಇವಳು ಅದೇ ಅರ್ಧ ಕಣ್ಣಿನಿಂದ ಅವರನ್ನು ಅಳೆದು, "ಏನೂ ಆಗಿಲ್ಲಂದ್ರ ಪುಕಟ್ ಯಾಕ ನೋಡಾಕತ್ತೀರಿ?" ಎಂದು ಕೇಳಿದ್ದಳಂತೆ.

ಅವಳು ನನ್ನಪ್ಪನ ಅಣ್ಣನ ಹೆಂಡತಿ. ಹೆತ್ತವ್ವ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳು ದೊಡ್ಡವ್ವನೇ. ತಿಕೋಟಾದಿಂದ ಹೊನವಾಡಕ್ಕೆ ಹೋಗುವ ದಾರಿಯಲ್ಲಿರುವ ಆ ತೋಟದ ಮನೆಯಲ್ಲೇ ನಾನು ಬೆಳೆದೆ. ಅವಳ ಮಗ ನನಗೆ ಅಣ್ಣ. ದೊಡ್ಡಪ್ಪ ತೀರಿಕೊಂಡ ಮೇಲೆ ಹೊಲ, ದ್ರಾಕ್ಷಿ, ದನ, ಆಳುಕಾಳು ಎಲ್ಲವನ್ನೂ ನೋಡಿಕೊಂಡವಳು ಅವಳು. ಆ ಹೊತ್ತಿನಲ್ಲೇ ಅನುಮಾನ ಮೈಗೂಡಿತೋ, ಹುಟ್ಟುತ್ತಲೇ ತಂದಿದ್ದಳೋ ಗೊತ್ತಿಲ್ಲ. ಹಾಲಿನವನು ಹೆಚ್ಚಿಗೆ ಒಂದು ಮಿಳ್ಳಿ ಸುರಿದರೆ ಅದರಲ್ಲಿ ನೀರಿದೆ ಎನ್ನುತ್ತಿದ್ದಳು, ಕಡಿಮೆ ಸುರಿದರೆ ಕಳ್ಳ ಎನ್ನುತ್ತಿದ್ದಳು. ಒಣದ್ರಾಕ್ಷಿ ಕೊಳ್ಳಲು ಬಂದವನು ನಕ್ಕರೆ ಆ ದಿನ ವ್ಯಾಪಾರವೇ ಇಲ್ಲ.

ನಾನು ವಿಜಯಪುರದಲ್ಲಿ ಔಷಧಿ ಅಂಗಡಿ ಇಟ್ಟ ಮೇಲೆ ಬಿ.ಪಿ. ಗುಳಿಗೆಗೆ ನನ್ನಲ್ಲಿಗೇ ಬರುತ್ತಿದ್ದಳು. ಗುಳಿಗೆ ತೆಗೆದುಕೊಂಡವಳು ನೆಟ್ಟಗೆ ಎದುರಿನ ಸಾಲಿನ ಇನ್ನೊಂದು ಅಂಗಡಿಗೆ ಹೋಗಿ, "ಇವು ಖರೇ ಅದಾವೇನ ನೋಡಪಾ" ಎಂದು ತೋರಿಸುತ್ತಿದ್ದಳು. ಆ ಅಂಗಡಿಯವನೇ ಬಂದು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಮ್ಯಾಲನೂ ಸಂಶೇನಾ ದೊಡ್ಡವ್ವಾ?" ಎಂದು ಹರಿಹಾಯ್ದೆ.

"ನಿನ್ನ ಮ್ಯಾಲ ಯಾಕ ಬೇ ತಂಗಿ? ನಿನಗ ಮಾಲ್ ಕೊಟ್ಟಾನಲ್ಲ, ಅವನ ಮ್ಯಾಲ" ಎಂದಳು, ಏನೂ ಆಗಿಲ್ಲ ಎಂಬಂತೆ.

ಇಂಥವಳು ತನ್ನ ಜೀವಮಾನದಲ್ಲಿ ಒಬ್ಬನನ್ನು ಕಣ್ಣುಮುಚ್ಚಿ ನಂಬಿದಳು. ಅವನೇ ಅವಳಿಗೆ ಟೋಪಿ ಹಾಕಿಹೋದ. ನಾನು ಹೇಳಬೇಕಾದದ್ದು ಆ ಕತೆಯನ್ನೇ.

ನಮ್ಮ ಹೊಲದ ಕೆಳಗಿನ ತಗ್ಗಿಗೆ ಮುತ್ತಜ್ಜನ ಕಾಲದ ಒಂದು ಒಡ್ಡು ಇತ್ತು. ಮಳೆಗಾಲದಲ್ಲಿ ಅಲ್ಲಿ ಒಂದಿಷ್ಟು ನೀರು ನಿಲ್ಲುತ್ತಿತ್ತು, ಬೇಸಿಗೆಗೆ ಒಣಗುತ್ತಿತ್ತು. ಕಾಲುವೆ ನೀರು ನಮ್ಮ ಕಡೆ ಬಂದ ಮೇಲೆ ಅಣ್ಣ ಅದನ್ನು ತೋಡಿಸಿ, ಒಡ್ಡನ್ನು ಎತ್ತರಿಸಿ, ಕೆರೆಯಷ್ಟೇ ದೊಡ್ಡದು ಮಾಡಿದ. ಜಮೀನು ನಮ್ಮದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಮಳೆ ಜೋರಾದಾಗ ಕೋಡಿ ಹರಿಯುತ್ತಿತ್ತು. ಆ ನೀರು ಹಳ್ಳ ಸೇರಿ, ಹಳ್ಳ ಮುಂದಿನ ಊರಿನ ದೊಡ್ಡ ಕೆರೆ ಸೇರುತ್ತಿತ್ತು. ಆ ಕೆರೆಯಲ್ಲಿ ಬಲೆ ಹಾಕಿ ಬದುಕುವ ಕೆಲವು ಮನೆಗಳಿವೆ.

ನಿಂತ ನೀರಿಗೆ ಪಾಚಿ ಕಟ್ಟಿತು. ದ್ರಾಕ್ಷಿಗೆ ಹನಿ ನೀರು ಬಿಡುವ ಪೈಪಿನ ಫಿಲ್ಟರು ದಿನಾ ಬೆಳಗಾದರೆ ಕಟ್ಟಿಕೊಳ್ಳುತ್ತಿತ್ತು. ಅಣ್ಣನಿಗೆ ಯಾರೋ ಹೇಳಿದರು, ಮೀನು ಬಿಡು, ಪಾಚಿ ತಿನ್ನುತ್ತವೆ ಎಂದು. ಇಲ್ಲಿ ನಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಹೊಸ್ತಿಲೊಳಗೆ ತತ್ತಿ ಬಂದದ್ದಿಲ್ಲ. ಮೀನು ಎಂಬ ಶಬ್ದವನ್ನೂ ಅಡುಗೆಮನೆಯಲ್ಲಿ ಆಡುವಂತಿರಲಿಲ್ಲ. ಅದಕ್ಕೇ ಅಣ್ಣ ಅವುಗಳನ್ನು "ಪಾಚಿ ತಿನ್ನೋವು" ಎಂದೇ ಕರೆದ. ದೊಡ್ಡವ್ವ ವಾರಗಟ್ಟಲೆ ಮೂಗು ಮುರಿದು, ಕೊನೆಗೆ "ತಿನ್ನಾಕಲ್ಲ, ಸಾಕಾಕ ಅಂದ್ರ ಬಿಡು" ಎಂದು ಒಪ್ಪಿಕೊಂಡಳು.

ಅಣ್ಣ ಮೀನುಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟ. ಅಲ್ಲಿಂದ ಒಬ್ಬ ಸಾಹೇಬರು ಬೈಕಿನಲ್ಲಿ ಬಂದರು. ಸಣಕಲು ಮನುಷ್ಯ, ಮಾತು ಕಡಿಮೆ. ನೀರನ್ನು ನೋಡುವ ಬದಲು ನೆಟ್ಟಗೆ ಕೋಡಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು.

"ಮಳಿಗಾಲದಾಗ ಇದು ಹರೀತೈತೇನ್ರಿ? ಹರದ ನೀರು ಎಲ್ಲಿಗೆ ಹೋಗತೈತಿ?" ಎಂದು ಕೇಳಿದರು. ಮೊಬೈಲ್ ತೆಗೆದು ಕೋಡಿಯ ಫೋಟೋ ಹೊಡೆದುಕೊಂಡರು. ಇಲ್ಲಿಗೆ ಸಣ್ಣ ಕಣ್ಣಿನ ಜಾಳಿಗೆ ಕೂಡಿಸಬೇಕು, ಮರಿಗಳನ್ನು ನೋಂದಣಿಯಾದ ಕಡೆಯಿಂದ ಮಾತ್ರ ತರಬೇಕು, ಹೊರದೇಶದ ಮೀನು ಕೂಡದು, ಪರವಾನಗಿ ಕೈಗೆ ಬರುವವರೆಗೆ ಏನೂ ಬಿಡಬೇಡಿ ಎಂದು ಹೇಳಿ ಹೋದರು.

ಬೈಕಿನ ಸದ್ದು ಅಡಗುವ ಮೊದಲೇ ದೊಡ್ಡವ್ವ ಶುರುಮಾಡಿದಳು. "ನಮ್ಮ ನೀರು ಎಲ್ಲಿಗ್ಯಾರ ಹೋಗಲಿ, ಇವಗೇನ? ಫೋಟೋ ಯಾಕ ಹೊಡಕೊಂಡ? ಇದನ್ನ ನಾಳೆ ಸರಕಾರಿ ಕೆರಿ ಅಂತ ಬರಕೋತಾರ ನೋಡು. ಅರ್ಜಿ ಕೊಟ್ಟು ನೀನಾಗೇ ಹೊಲದಾಗ ಸರಕಾರ ಕರಕೊಂಡ ಬಂದಿ!"

ನನಗೂ ಅದು ತಳ್ಳಿಹಾಕುವ ಮಾತು ಎನಿಸಲಿಲ್ಲ. ನನ್ನ ಅಂಗಡಿಗೂ ತಪಾಸಣೆಯವರು ಬರುತ್ತಾರೆ. ಅವರು ಒಂದು ಪ್ರಶ್ನೆ ಕೇಳಿದರೆ ಅದರ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ಅಣ್ಣ ಮತ್ತೆ ಕಚೇರಿಯ ಕಡೆ ಹೋಗಲಿಲ್ಲ. ಅರ್ಜಿ ಅಲ್ಲಿಗೇ ನಿಂತಿತು.

ಮಳೆಗಾಲ ಮುಗಿದ ಮೇಲೆ ಅಣ್ಣ ಎಲ್ಲಿಂದಲೋ ಕರೆಸಿದ ಒಂದು ಪಿಕಪ್ ಗಾಡಿ ಬಂತು. ಗಾಡಿ ತುಂಬ ನೀರು ಮತ್ತು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು, ಒಳಗೆ ಕರ್ರಗೆ ಮಿಜಿಮಿಜಿ ಅನ್ನುವ ಮರಿಗಳು. ಅವತ್ತು ಭಾನುವಾರ, ನಾನೂ ಇದ್ದೆ. ಗಾಡಿಯವನು ಅಂಗಳಕ್ಕೆ ಕಾಲಿಡುವ ಮೊದಲು ನೀರು ಕೇಳಿ ಕೈಕಾಲು ತೊಳೆದುಕೊಂಡ. ಹಣೆ ತುಂಬ ವಿಭೂತಿ. ದೊಡ್ಡವ್ವನ ಕಾಲಿಗೆ ನಮಸ್ಕಾರ ಮಾಡಿ, "ಯವ್ವಾ, ಹೊಟ್ಟಿಪಾಡಿಗೆ ಮಾರತೇನಿ ಖರೆ, ಬಾಯಾಗ ಇಟ್ಟಾಂವಲ್ಲ. ನಮ್ಮನ್ಯಾಗೂ ತತ್ತಿ ಸೈತ ಬರಂಗಿಲ್ಲ" ಎಂದ.

ದೊಡ್ಡವ್ವನ ಎಡಗಣ್ಣು ಪೂರ್ತಿ ತೆರೆಯಿತು. ನಾನು ಬೆರಗಾಗಿ ನೋಡಿದೆ.

"ಇವು ಪಾಚಿ ತಿಂತಾವೇನಪಾ?"

"ಪಾಚಿ ಬಿಟ್ಟು ಬ್ಯಾರೇ ಏನೂ ಮುಟ್ಟಂಗಿಲ್ರಿ ಯವ್ವಾ. ನಮ್ಮಂಗನ."

ಮೀನು ತಿನ್ನುವ ಮನೆಯಾಗಿದ್ದರೆ ಯಾರಾದರೂ ಚೀಲ ಎತ್ತಿ ಹಿಡಿದು ನೋಡುತ್ತಿದ್ದರು. ಇದು ಯಾವ ಜಾತಿ, ಮೂತಿ ಯಾಕೆ ಹೀಗೆ, ಮೈಮೇಲೆ ಹುರುಪೆ ಯಾಕಿಲ್ಲ ಎಂದು ಕೇಳುತ್ತಿದ್ದರು. ನಮ್ಮಲ್ಲಿ ಒಬ್ಬರಿಗೂ ಒಂದು ಮೀನಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೇ ನಮಗೆ ದೊಡ್ಡಸ್ತಿಕೆ. ದೊಡ್ಡವ್ವ ಚಾ ಕೊಡಿಸಿದಳು. ಅಣ್ಣ ಚೀಲಗಳನ್ನು ಬಿಚ್ಚಿ ನೀರಿಗೆ ಬಿಟ್ಟ. ಜಾಳಿಗೆಯ ಮಾತನ್ನು ಯಾರೂ ಎತ್ತಲಿಲ್ಲ.

ಚಳಿಗಾಲ ಕಳೆಯಿತು. ಫಿಲ್ಟರು ಮೊದಲಿನಂತೆಯೇ ಕಟ್ಟಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಒಂದು ಅಡ್ಡಮಳೆ ಬಂತು, ಚೆನ್ನಾಗಿಯೇ ಸುರಿಯಿತು. ಮರುದಿನ ದೊಡ್ಡವ್ವ ನನಗೆ ಫೋನ್ ಮಾಡಿದಳು.

"ತಂಗಿ, ಒಂದ ಕಪ್ಪಿ ಒದರಲಿಲ್ಲ ಬೇ. ಇಷ್ಟ ಮಳಿ ಆದ್ರ ಕಿವಿ ಕಿತ್ತ ಹೋಗುವಂಗ ಒದರತಿದ್ವು."

"ಎಲ್ಲ್ಯರ ಹೋಗಿರತಾವ ಬಿಡು ದೊಡ್ಡವ್ವಾ."

"ಕಪ್ಪಿ ಎಲ್ಲಿಗೆ ಹೋಗತಾವ? ಬಸ್ ಹತ್ತಿ ಬಿಜಾಪುರಕ್ಕ ಬಂದಾವೇನ?"

ನಾನು ನಕ್ಕೆ. ಅವಳು ನಗಲಿಲ್ಲ. ಒಡ್ಡಿನ ಬುಡದ ಜೇಕು ಹುಲ್ಲಿನಲ್ಲಿ ಪ್ರತಿವರ್ಷ ನೀರುಕೋಳಿ ಮರಿ ಮಾಡುತ್ತಿತ್ತು. ಆ ಮರಿಗಳೂ ದಿನಾ ಕಡಿಮೆಯಾಗತೊಡಗಿದವು. ಮೊದಲು ಪಕ್ಕದ ತೋಟದ ನಾಯಿಯ ಮೇಲೆ ಅನುಮಾನ ಬಂತು, ಅವರೊಡನೆ ಜಗಳವಾಯಿತು. ಆಮೇಲೆ ಹದ್ದಿನ ಮೇಲೆ, ಹಾವಿನ ಮೇಲೆ, ಹೊಸ ಆಳಿನ ಮೇಲೆ. ಕೊನೆಗೆ ಅವಳೇ ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು ಒಡ್ಡಿನ ಮೇಲಿನ ಬೇವಿನ ನೆರಳಿನಲ್ಲಿ ಹೋಗಿ ಕೂತಳು. ಹಟ ಹಿಡಿದು ಕೂತೇ ಕೂತಳು. ಒಂದು ಮಧ್ಯಾಹ್ನ ನೀರುಕೋಳಿಯ ಮರಿಯೊಂದು ಜೇಕಿನಿಂದ ಈಚೆ ತೇಲಿಬಂತು. ನೀರಿನಿಂದ ಅಗಲವಾದ ಒಂದು ತಲೆ ಎದ್ದು, ಬಾಯಿ ತೆರೆದು, ಮರಿಯನ್ನು ಎಳೆದುಕೊಂಡು ಹೋಯಿತು. ಆ ತಲೆಗೆ ಮೀಸೆ ಇದ್ದವು.

ಮರುದಿನ ಮೊದಲ ಬಸ್ಸಿಗೇ ಅವಳು ನನ್ನ ಅಂಗಡಿಯ ಕಟ್ಟೆಯಲ್ಲಿದ್ದಳು. ಗಿರಾಕಿಗಳೆಲ್ಲ ಹೋಗುವವರೆಗೆ ಸುಮ್ಮನಿದ್ದು, ಕಿವಿಯ ಹತ್ತಿರ ಬಂದು ಕೇಳಿದಳು, "ಮೀಸಿ ಇರೋ ಮೀನ ಪಾಚಿ ತಿಂತಾವೇನ?"

ನಾನು ಮೊಬೈಲಿನಲ್ಲಿ ಚಿತ್ರ ತೋರಿಸಹೊರಟೆ. ಮೊಬೈಲಿನ ಮೇಲೆ ಅವಳಿಗೆ ನಂಬಿಕೆಯಿಲ್ಲ. "ಕಣ್ಣೀಲೆ ನೋಡಬೇಕು. ಮೀನಿನ ಬಜಾರಕ್ಕ ನಡಿ" ಎಂದಳು. ಯಾರಾದರೂ ನಂಟರು ನೋಡಿದರೆ ಏನು ಹೇಳುವುದು? ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು. ಮೂಗಿಗೆ ಸೆರಗು ಒತ್ತಿಕೊಂಡು, ಹಣೆಯ ಮೇಲೆ ವಿಭೂತಿ ಹಚ್ಚಿಕೊಂಡೇ, ದೊಡ್ಡವ್ವ ಮೀನಿನ ಸಾಲಿನಲ್ಲಿ ಒಂದೊಂದು ಬುಟ್ಟಿಯನ್ನೂ ಬಗ್ಗಿ ನೋಡುತ್ತ ನಡೆದಳು.

"ಯಾವದ ಕೊಡಲಿ ಯವ್ವಾ?" ಮೀನು ಮಾರುವ ಹೆಂಗಸು ಕೇಳಿದಳು.

"ಏನೂ ಬ್ಯಾಡ. ನೋಡಾಕ ಬಂದೇನಿ."

"ನೋಡಾಕ ಇದೇನ ವರಾ ಏನಬೇ?" ಆ ಹೆಂಗಸು ನಕ್ಕಳು. ಸುತ್ತಲಿದ್ದವರೂ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ದೊಡ್ಡವ್ವ ಅಲುಗಾಡದೆ, ತಾನು ಕಂಡದ್ದನ್ನು ಕೈಯಿಂದ ತೋರಿಸಿ ಹೇಳಿದಳು. ತಲೆ ಇಷ್ಟಗಲ, ಮೀಸೆ ಇಷ್ಟುದ್ದ, ಮೈ ಕರ್ರಗೆ ಜಾರುವಂಥದು. ಹೆಂಗಸಿನ ನಗು ನಿಂತಿತು. "ಅದು ಮಾಂಗೂರ ಇರಬೇಕ ನೋಡಬೇ. ಹೊರಗಿಂದು. ಸರಕಾರ ಬಂದ್ ಮಾಡೇತಿ. ಅದು ಇದ್ದಲ್ಲಿ ಬ್ಯಾರೇ ಮೀನ ಉಳಿಯಂಗಿಲ್ಲ."

ಅಲ್ಲಿಂದ ನೆಟ್ಟಗೆ ಮೀನುಗಾರಿಕೆ ಕಚೇರಿಗೆ ನಡೆದಳು. ಅದೇ ಸಣಕಲು ಸಾಹೇಬರು ಕೂತಿದ್ದರು. ದೊಡ್ಡವ್ವ ಕೂಡಲೂ ಇಲ್ಲ, ನಿಂತೇ ಕೇಳಿದಳು, "ಯಪ್ಪಾ, ಅವತ್ತ ಫೋಟೋ ಯಾಕ ಹೊಡಕೊಂಡಿ?"

"ಕೋಡಿ ಎಷ್ಟ ಅಗಲ ಐತಿ ಅಂತ ಜಾಳಗಿ ಮಾಡೋರಿಗೆ ತೋರಸಾಕರಿ ಅಮ್ಮಾ."

"ಅವತ್ತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲರಿ. ಬರೇ ನೋಡಿದ್ರಿ."

ದೊಡ್ಡವ್ವ ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು, ಒಂದನ್ನೂ ಬಚ್ಚಿಡಲಿಲ್ಲ.

ಸಾಹೇಬರು ಸಂಜೆಯೇ ತೋಟಕ್ಕೆ ಬಂದು ಬಲೆ ಬೀಸಿ ಒಂದನ್ನು ಹಿಡಿದು ನೋಡಿದರು. ಮೀನು ಮಾರುವವಳು ಹೇಳಿದ್ದೇ ನಿಜ. ಆಫ್ರಿಕಾದ ಜಾತಿ, ಸಾಕುವಂತಿಲ್ಲ. "ಮಿರಗದ ಮಳಿ ಕೂಡಿ ಕೋಡಿ ಹರೀತಂದ್ರ ಮುಗೀತರಿ. ಹಳ್ಳದಿಂದ ಕೆರಿಗೆ ಇಳೀತಾವ. ಹಸಿ ನೆಲದ ಮ್ಯಾಲ ತೆವಳಿಕೊಂಡೂ ಹೋಗತಾವ. ಅಲ್ಲಿಗೆ ಹೊಕ್ಕವಂದ್ರ ಯಾರ ಕೈಲೂ ತಗ್ಯಾಕ ಆಗಂಗಿಲ್ಲ. ಮಳಿ ಬರೋದರಾಗ ನೀರು ಖಾಲಿ ಮಾಡಿ ಎಲ್ಲಾನೂ ಸಾಯಿಸಿ ಹುಗೀಬೇಕು."

ಸಾಯಿಸಬೇಕು ಎಂಬ ಮಾತು ನಮ್ಮ ಅಂಗಳದಲ್ಲಿ ಎಂದೂ ಬಿದ್ದದ್ದಲ್ಲ. ಇರುವೆ ಸಾಲು ಕಂಡರೆ ದಾಟಿ ನಡೆಯುತ್ತಿದ್ದವಳು ದೊಡ್ಡವ್ವ. ಚಾಟಣಿ ಮಾಡಿ ಕೊಂಬೆ ಕತ್ತರಿಸಿದ್ದ ದ್ರಾಕ್ಷಿ ಬಳ್ಳಿ ಆಗಷ್ಟೇ ಚಿಗುರು ಬಿಟ್ಟಿತ್ತು, ಕಾಲುವೆಯ ನೀರೂ ನಿಂತಿತ್ತು. ಕೆರೆ ಖಾಲಿ ಮಾಡಿದರೆ ಬಳ್ಳಿಗೆ ಬೇಸಿಗೆಯ ನೀರಿಲ್ಲ.

ಸಾಹೇಬರು ಬೈಕ್ ಹತ್ತಿದ ಮೇಲೆ ಅಣ್ಣ ದನಿ ತಗ್ಗಿಸಿ ಹೇಳಿದ, "ಅವ್ವಾ, ಸಾಯ್ಸೋದು ಯಾಕ? ನನ್ನ ಕಡೆ ಗಿರಾಕಿ ಅದಾನ. ಗಾಡಿ ತರತಾನ, ಬಲಿ ಹಾಕಿ ಒಯ್ತಾನ. ನೀರೂ ಉಳೀತೈತಿ, ಪಾಪನೂ ಇಲ್ಲ."

ದೊಡ್ಡವ್ವ ಮಗನನ್ನು ನೋಡಿದಳು. ಹಾಗೆ ಅವನನ್ನು ನೋಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಗಿರಾಕಿ ಇಷ್ಟ ಲಗೂನ ಎಲ್ಲಿಂದ ಬಂದ?"

"ಕೇಳಿದ್ರ ಸಿಗತಾರವ್ವಾ."

"ಯಾವಾಗ ಕೇಳಿದಿ? ಸಾಹೇಬ ಈಗ ಎದ್ದ ಹೋಗ್ಯಾನ."

ಅಣ್ಣ ಪಂಪಿನ ಮನೆಯ ಕಡೆ ನಡೆದ. ಗಾಡಿಯವನು ಏನು ಬಿಟ್ಟುಹೋದನೆಂದು ಅಣ್ಣನಿಗೆ ಮೊದಲೇ ಗೊತ್ತಿತ್ತೋ, ಬೆಳೆದ ಮೇಲೆ ಗೊತ್ತಾಯಿತೋ, ನಿಜಕ್ಕೂ ಏನೂ ಗೊತ್ತಿರಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು. ಕೇಳುವ ಧೈರ್ಯವಾಗಿಲ್ಲ. ದೊಡ್ಡವ್ವನೂ ಮತ್ತೆ ಕೇಳಲಿಲ್ಲ. ಸಾಹೇಬರು ಪಂಚನಾಮೆಗೆ ಬಂದಾಗ ಮಾತ್ರ ಮಗನನ್ನು ಹಿಂದಕ್ಕೆ ಸರಿಸಿ ತಾನು ಮುಂದೆ ಕೂತಳು.

"ನನ್ನ ಹೆಸರ ಬರಕೋ ಯಪ್ಪಾ. ಬಿಡಸಿದಾಕಿ ನಾನು. ಅವನನ್ನ ನಂಬಿದಾಕಿ ನಾನು. ಸಾಯಸಾಕಿನೂ ನಾನ. ಇವಗೇನೂ ಗೊತ್ತಿಲ್ಲ."

'ಇವಗೇನೂ ಗೊತ್ತಿಲ್ಲ' ಎನ್ನುವಾಗ ಅವಳ ದನಿ ಒಡೆಯಿತು. ಮಗನ ಮೇಲೆ ಅನುಮಾನವಿಲ್ಲದಿದ್ದರೆ ಅವಳು ತನ್ನ ಹೆಸರು ಬರೆಸುತ್ತಿರಲಿಲ್ಲ ಎಂದು ನನಗೆ ಆಗಲೇ ಹೊಳೆಯಿತು. ಅಣ್ಣ ತಲೆ ತಗ್ಗಿಸಿ ನಿಂತಿದ್ದ.

ಪಂಪಿನ ಬಾಯಿಗೆ ಜಾಳಿಗೆ ಕಟ್ಟಿ, ಹಳ್ಳಕ್ಕೆ ಹನಿಯೂ ಹೋಗದಂತೆ ನೀರನ್ನೆಲ್ಲ ಹೊಲಕ್ಕೇ ಬಿಟ್ಟರು. ಮುಂದಿನ ಊರಿನ ಕೆರೆಯವರು, ಬಲೆಯ ಕಸುಬಿನವರು, ಕರೆಯದೆಯೂ ಬಂದರು. ಉಳಿಯಬೇಕಾದದ್ದು ಅವರ ಕೆರೆ. ಹಿಡಿದದ್ದನ್ನೆಲ್ಲ ದೊಡ್ಡ ತಗ್ಗಿಗೆ ಸುರಿದು ಸುಣ್ಣ ಹಾಕಿದರು. ತಗ್ಗಿನೊಳಗೆ ಅವು ಬಡಿದಾಡುವ ಸದ್ದು ತಾಳಲಾರದೆ ನಾನು ಮನೆಯೊಳಗೆ ಹೋದೆ. ದೊಡ್ಡವ್ವ ಅಲ್ಲೇ ನಿಂತಿದ್ದಳು. ಎಲ್ಲ ಮುಗಿಯಿತೆಂದು ಬಲೆಯವರು ಕೈ ತೊಳೆಯುವಾಗ ಅವಳು ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಕೆಸರಿಗೆ ಇಳಿದಳು.

"ಎಲ್ಲಾ ತಗದೇವಿ ಬರ್ರಿ ಯವ್ವಾ!" ಎಂದು ಅವರು ಕೂಗಿದರು. ಅವಳು ಕೇಳಲಿಲ್ಲ. ಕೋಲಿನಿಂದ ಕೆಸರನ್ನು ಅಡಿ ಅಡಿಗೂ ತಿವಿಯುತ್ತ, ಮೊಣಕಾಲವರೆಗೆ ಹೂತುಹೋಗುತ್ತ, ಏಳುತ್ತ ನಡೆದಳು. ಕೋಡಿಯ ಬುಡದಲ್ಲಿ ಕೋಲಿಗೆ ಏನೋ ಮಿಸುಕಿತು. ಅವಳು ಬಗ್ಗಿ ಎರಡೂ ಕೈ ಹಾಕಿ ಎತ್ತಿದಳು. ತೋಳಿನಷ್ಟು ಉದ್ದದ ಮಾಂಗೂರ. ಅದರ ಮೀಸೆ ಅವಳ ಮುಂಗೈಗೆ ಬಡಿಯುತ್ತಿದ್ದವು. ಅಣ್ಣ ಓಡಿಬಂದು ಕೈ ಚಾಚಿದ. ಅವಳು ಕೊಡಲಿಲ್ಲ. ಎದೆಗೆ ಒತ್ತಿ ಹಿಡಿದು ತಾನೇ ಮೇಲೆ ಹತ್ತಿ, ತಾನೇ ತಗ್ಗಿಗೆ ಹಾಕಿದಳು. ಆಮೇಲೆ ಕೈ ತೊಳೆಯುತ್ತ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ವರ್ಷ ದ್ರಾಕ್ಷಿ ಬರಲಿಲ್ಲ. ಮುಂದಿನ ವರ್ಷ ಪರವಾನಗಿ ತೆಗೆದುಕೊಂಡು, ಕೋಡಿಗೆ ಜಾಳಿಗೆ ಕೂಡಿಸಿ, ಸಾಹೇಬರು ಹೇಳಿದ ಕಡೆಯಿಂದ ತಂದ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟರು. ದೊಡ್ಡವ್ವ ಒಂದೊಂದು ಚೀಲವನ್ನೂ ಬೆಳಕಿಗೆ ಹಿಡಿದು, ಮೀಸೆ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಬಿಚ್ಚಲು ಕೊಟ್ಟಳು. ಸಾಹೇಬರು ನಗುತ್ತ ನಿಂತಿದ್ದರು. ದೇವರ ಮನೆಗೆ ಮಾತ್ರ ಅವಳು ಬಹಳ ದಿನ ಹೋಗಲಿಲ್ಲ. ಹೊಸ್ತಿಲ ಹೊರಗೇ ನಿಂತು ಕೈ ಮುಗಿಯುತ್ತಿದ್ದಳು. ಯಾಕೆಂದು ಕೇಳಿದರೆ ಬಯ್ಯುತ್ತಿದ್ದಳು.

ಕಳೆದ ಚಳಿಗಾಲ ವಿಜಯಪುರದ ಆಸ್ಪತ್ರೆಯಲ್ಲಿ ದೊಡ್ಡವ್ವ ತೀರಿಕೊಂಡಳು. ಅವತ್ತು ಮಧ್ಯಾಹ್ನ ಅಣ್ಣ ಡಾಕ್ಟರನ್ನು ಕಾಣಲು ಹೋಗಿದ್ದ. ಅವಳು ಬಾಗಿಲ ಕಡೆ ನೋಡಿ, ಅವನಿಲ್ಲವೆಂದು ನೋಡಿಕೊಂಡು, ನನ್ನ ಕೈ ಹಿಡಿದಳು.

"ತಂಗಿ, ಅವು ಒಂದೂ ಉಳದಿಲ್ಲ, ಹೌದಿಲ್ಲ?"

"ಒಂದೂ ಉಳದಿಲ್ಲ ದೊಡ್ಡವ್ವಾ."

"ನಿನಗ ಹೆಂಗ ಗೊತ್ತು?"

ಅವುಗಳನ್ನು ಹುಗಿಯುವಾಗ ನಾನು ಮನೆಯೊಳಗಿದ್ದೆ. ಅವಳು ನನ್ನ ಉತ್ತರಕ್ಕೆ ಬಹಳ ಹೊತ್ತು ಕಾದಳು. ಸಂಜೆ ಹೋಗಿಬಿಟ್ಟಳು.

ಈ ವರ್ಷ ಮಿರಗದ ಮಳೆ ಜೋರಾಗಿಯೇ ಹಿಡಿಯಿತು. ಕೋಡಿ ಹರಿಯಿತೆಂದು ಅಣ್ಣ ಫೋನ್ ಮಾಡಿದ. ಅಂಗಡಿ ಮುಚ್ಚಿ ಬಸ್ ಹತ್ತಿದೆ. ಮನೆಗೆ ಹೋಗದೆ ಹಳ್ಳದ ಗುಂಟ ನಡೆದು, ಮುಂದಿನ ಊರಿನ ಕೆರೆಗೆ ಹೋದೆ. ಬಲೆಯವರು ಬುಟ್ಟಿ ತುಂಬ ಮೀನು ಹಿಡಿದು ದಂಡೆಯಲ್ಲಿ ಇಟ್ಟಿದ್ದರು. ಕೇಳಿಕೊಂಡು, ಅದರೊಳಗೆ ಕೈ ಹಾಕಿ, ಒಂದೊಂದೇ ಎತ್ತಿ ನೋಡಿದೆ. ಜನ್ಮದಲ್ಲಿ ಮೀನು ಮುಟ್ಟಿದವಳಲ್ಲ ನಾನು. ಮೀಸೆಯ ಮೀನು ಕಾಣಲಿಲ್ಲ.

"ಮುಂಜಾನೆ ನಿಮ್ಮ ಅಣ್ಣಾರೂ ಬಂದಿದ್ರು ನೋಡ್ರಿ" ಬಲೆಯವರಲ್ಲಿ ಒಬ್ಬ ಹೇಳಿದ. "ಅವರೂ ಹಿಂಗ, ಒಂದೊಂದ ಎತ್ತಿ ನೋಡಿ ಹೋದ್ರು."

ಅದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆದರೆ ಅವನು ಯಾಕೆ ನೋಡಿದ, ನನ್ನಂತೆ ಅನುಮಾನಕ್ಕೋ, ಏನಾದರೂ ಗೊತ್ತಿದ್ದೋ? ಬುಟ್ಟಿಯ ತಳದಲ್ಲಿ ಉಳಿದಿದ್ದನ್ನೂ ನೆಲಕ್ಕೆ ಸುರಿಸಿ ನೋಡಿದೆ.